ಏಪ್ರಿಲ್ 24: ಅಣ್ಣಾವ್ರು, ಸಚಿನ್, ಹಬಲ್... ಇನ್ನೂ ಯಾರ್ಯಾರು?



ಏಪ್ರಿಲ್ 24 ಯಾರ ಹುಟ್ಟುಹಬ್ಬ? ಈ ಪ್ರಶ್ನೆಯನ್ನು ನಮ್ಮಲ್ಲಿ ಯಾರ ಮನೆಯಲ್ಲಾದರೂ ಕೇಳಿ ನೋಡಿ. ಊರಿಂದ ಅಜ್ಜಿ-ತಾತ ಬಂದಿದ್ದರೆ "ಇದೇನಪ್ಪ ಹೀಗೆ ಕೇಳ್ತೀಯಾ, ರಾಜಕುಮಾರಂದು!" ಅಂತಾರೆ. ಅಪ್ಪ-ಅಮ್ಮ "ಅಣ್ಣಾವ್ರದ್ದು, ಸಚಿನ್‌ದೂ ಅವತ್ತೇ ಅಲ್ವಾ?" ಅಂತಾರೆ. ಇಲ್ಲೇ ಹುಟ್ಟಿ ಬೆಳೆದ ಮಗಳು "ವರುಣ್ ಧವನ್" ಅಂದರೂ ಆಶ್ಚರ್ಯವಿಲ್ಲ. ಮೂವರ ಉತ್ತರವೂ ಸರಿ. ಒಂದೇ ತಾರೀಕು, ಮೂರು ತಲೆಮಾರು, ಮೂರು ಉತ್ತರ!

ಈ ಸಂಚಿಕೆಯಲ್ಲಿ ಈ ಒಂದೇ ಒಂದು ದಿನವನ್ನು ಹಿಡಿದುಕೊಂಡು, ಬೇರೆ ಬೇರೆ ವರ್ಷಗಳಲ್ಲಿ ಅವತ್ತು ಏನೇನಾಯಿತು ಎಂದು ನೋಡೋಣ. ಬರೀ ಪಟ್ಟಿ ಕೊಟ್ಟರೆ ಕ್ವಿಜ್ ಪುಸ್ತಕದ ಹಾಗಾಗುತ್ತದೆ. ಅದಕ್ಕೇ ಕೆಲವನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಮೊದಲು ಸ್ವಲ್ಪ ಲೆಕ್ಕ

ಒಂದೇ ದಿನ ಇಬ್ಬರು ದೊಡ್ಡವರು ಹುಟ್ಟಿದರೆ ನಾವು "ಎಂಥಾ ಯೋಗ!" ಅನ್ನುತ್ತೇವೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ನಮ್ಮ ಸಂಘದ ಯುಗಾದಿ ಊಟಕ್ಕೆ ಒಂದು ಪಂಕ್ತಿಯಲ್ಲಿ ಬರೀ 23 ಜನ ಕೂತಿದ್ದರೂ, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. 57 ಜನ ಕೂತರೆ ಅದು ಶೇಕಡಾ 99! ಕಾರಣ ಸರಳ. 23 ಜನರಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾ ಹೋದರೆ 253 ಜೋಡಿಗಳಾಗುತ್ತವೆ. ಇಷ್ಟೊಂದು ಜೋಡಿಗಳಲ್ಲಿ ಒಂದಾದರೂ ಹೊಂದದೆ ಇರುವುದೇ ಕಷ್ಟ.

ಒಂದು ಎಚ್ಚರಿಕೆ: ನಮ್ಮ ಹಿರಿಯರ ಪಂಕ್ತಿಯಲ್ಲಿ ಈ ಲೆಕ್ಕ ಹಾಕಬೇಡಿ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ತಮಗೆ ತೋಚಿದ ತಾರೀಕು ಬರೆದುಕೊಂಡ ಕಾಲ ಅದು. ನಿಜವಾದ ಹುಟ್ಟುಹಬ್ಬ ತಿಥಿ, ನಕ್ಷತ್ರದ ಲೆಕ್ಕದಲ್ಲಿ ಅಜ್ಜಿಯ ನೆನಪಿನಲ್ಲಿ ಮಾತ್ರ ಇರುತ್ತಿತ್ತು!

ಅಂದಹಾಗೆ ನಮ್ಮ ಪಂಚಾಂಗವೂ ಈ ದಿನವನ್ನು ಮರೆತಿಲ್ಲ. 2012ರಲ್ಲಿ ಬಸವ ಜಯಂತಿ ಮತ್ತು ಅಕ್ಷಯ ತೃತೀಯ ಏಪ್ರಿಲ್ 24ರಂದೇ ಬಂದಿದ್ದವು.

1929: ಗಾಜನೂರಿನ ಮುತ್ತುರಾಜ

ಈಗ ತಮಿಳುನಾಡಿಗೆ ಸೇರಿರುವ, ತಾಳವಾಡಿ ಸಮೀಪದ ಗಾಜನೂರಿನಲ್ಲಿ 1929ರ ಏಪ್ರಿಲ್ 24ರಂದು ಮುತ್ತುರಾಜ ಹುಟ್ಟಿದರು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ರಂಗಭೂಮಿ ಕಲಾವಿದರು. ಹುಡುಗನಿಗೆ ಶಾಲೆಯ ಓದು ಹೆಚ್ಚು ಸಿಗಲಿಲ್ಲ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯೇ ವಿದ್ಯಾಲಯವಾಯಿತು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ' ಬಂತು, ಮುತ್ತುರಾಜ ರಾಜಕುಮಾರರಾದರು. ಮುಂದಿನದು ನಿಮಗೆಲ್ಲ ಗೊತ್ತಿರುವ ಕಥೆ. ಇನ್ನೂರಕ್ಕೂ ಹೆಚ್ಚು ಚಿತ್ರಗಳು, 1976ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 1983ರಲ್ಲಿ ಪದ್ಮಭೂಷಣ, 1995ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ. ನಟನೆಯ ಜೊತೆಗೆ ಹಾಡಿಗೂ ರಾಷ್ಟ್ರಪ್ರಶಸ್ತಿ ಬಂತು. 'ಜೀವನ ಚೈತ್ರ' ಚಿತ್ರದ ಹಾಡಿಗಾಗಿ ಅವರು 1992ರ ಶ್ರೇಷ್ಠ ಹಿನ್ನೆಲೆ ಗಾಯಕರಾದರು.

1982ರ ಗೋಕಾಕ್ ಚಳವಳಿಗೆ ಅವರು ಧುಮುಕಿದಾಗ ಊರೂರಲ್ಲಿ ಜನಸಾಗರ ಸೇರಿತು. ಅಷ್ಟು ಜನಬಲವಿದ್ದರೂ ಒಂದು ಚುನಾವಣೆಗೂ ನಿಲ್ಲಲಿಲ್ಲ. 2000ದ ಜುಲೈ 30ರಂದು ಅದೇ ಗಾಜನೂರಿನ ಮನೆಯಿಂದ ವೀರಪ್ಪನ್ ಅವರನ್ನು ಅಪಹರಿಸಿದ. 108 ದಿನ ಕರ್ನಾಟಕ ಉಸಿರು ಬಿಗಿಹಿಡಿದು ಕಾಯಿತು. 2006ರ ಏಪ್ರಿಲ್ 12ರಂದು, 77ನೇ ಹುಟ್ಟುಹಬ್ಬಕ್ಕೆ ಹನ್ನೆರಡೇ ದಿನ ಬಾಕಿ ಇರುವಾಗ, ಅವರು ನಮ್ಮನ್ನಗಲಿದರು. ಕಣ್ಣುಗಳನ್ನು ದಾನ ಮಾಡಿ ಹೋದರು.

1972ರ 'ಬಂಗಾರದ ಮನುಷ್ಯ' ನೋಡಿ ಓದಿದ ಹುಡುಗರು ಕೆಲಸ ಬಿಟ್ಟು ಹಳ್ಳಿಗೆ ಮರಳಿದರು ಎನ್ನುವ ಮಾತಿದೆ. ಅದೇ ಚಿತ್ರವನ್ನು ಹತ್ತು ಸಲ ನೋಡಿದ ನಾವು ವಿಮಾನ ಹತ್ತಿ ಎಲ್ಲಿಗೆ ಬಂದೆವು ಎಂದು ಬೇರೆ ಹೇಳಬೇಕೇ?

1973: ಬಾಂದ್ರಾದ ಗುಂಗುರು ಕೂದಲಿನ ಹುಡುಗ

ಮುಂಬಯಿಯಲ್ಲಿ ಮರಾಠಿ ಸಾಹಿತಿ, ಅಧ್ಯಾಪಕ ರಮೇಶ್ ತೆಂಡೂಲ್ಕರರಿಗೆ 1973ರ ಏಪ್ರಿಲ್ 24ರಂದು ಮಗ ಹುಟ್ಟಿದ. ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್ ಮೇಲಿನ ಅಭಿಮಾನದಿಂದ ಸಚಿನ್ ಎಂದು ಹೆಸರಿಟ್ಟರು. ಅವನ ನೂರು ಶತಕಗಳ ಬಗ್ಗೆ ಹೇಳಲು ಹೊರಟರೆ ಈ ಸಂಚಿಕೆ ಸಾಲದು. ಆದರೆ ಕೊಲ್ಲಿ ನಾಡಿನಲ್ಲಿರುವ ನಾವು ಒಂದು ಹುಟ್ಟುಹಬ್ಬವನ್ನು ಮಾತ್ರ ಮರೆಯುವಂತಿಲ್ಲ.

1998ರ ಏಪ್ರಿಲ್ 24, ಶುಕ್ರವಾರ. ನಮ್ಮ ಶಾರ್ಜಾ ಮೈದಾನ, ಕೋಕಾಕೋಲಾ ಕಪ್ ಫೈನಲ್. ಎರಡು ದಿನ ಮುಂಚೆ ಮರಳುಗಾಳಿ ಎದ್ದ ಪಂದ್ಯದಲ್ಲಿ ಸಚಿನ್ 143 ಹೊಡೆದಿದ್ದರು. ಆ ಪಂದ್ಯ ಸೋತರೂ ಭಾರತ ಫೈನಲ್ ತಲುಪಿತ್ತು. ಫೈನಲ್‌ನಲ್ಲಿ ಆಸ್ಟ್ರೇಲಿಯಾ 272 ರನ್ ಮಾಡಿತು. ತಮ್ಮ 25ನೇ ಹುಟ್ಟುಹಬ್ಬದಂದು ಸಚಿನ್ 131 ಎಸೆತಗಳಲ್ಲಿ 134 ಹೊಡೆದರು. ಕಪ್ ಭಾರತಕ್ಕೆ ಬಂತು.

ಇದರಲ್ಲೊಂದು ತಮಾಷೆ ಇದೆ. ಅವತ್ತು ಮೈದಾನದಲ್ಲಿ ಇನ್ನೊಬ್ಬ ಬರ್ತ್‌ಡೇ ಬಾಯ್ ಇದ್ದ! ಆಸ್ಟ್ರೇಲಿಯಾದ ವೇಗದ ಬೌಲರ್ ಡೇಮಿಯನ್ ಫ್ಲೆಮಿಂಗ್ ಹುಟ್ಟಿದ್ದು 1970ರ ಏಪ್ರಿಲ್ 24ರಂದು. ಇಬ್ಬರ ಜಾತಕದಲ್ಲೂ ತಾರೀಕು ಒಂದೇ, ಗ್ರಹಗತಿ ಮಾತ್ರ ಬೇರೆ.

1916: ಒಂದೇ ದಿನ, ಎರಡು ಸಾಹಸ

ಈಗ ಸ್ವಲ್ಪ ದೂರ ಹೋಗೋಣ. 1916ರ ಏಪ್ರಿಲ್ 24 ಈಸ್ಟರ್ ಸೋಮವಾರ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಬಂಡುಕೋರರು ದೊಡ್ಡ ಅಂಚೆ ಕಚೇರಿಯನ್ನು ವಶಪಡಿಸಿಕೊಂಡರು. ಪ್ಯಾಟ್ರಿಕ್ ಪಿಯರ್ಸ್ ಎಂಬ ಶಾಲಾಮಾಸ್ತರ, ಕವಿ, ಕಟ್ಟಡದ ಮುಂದೆ ನಿಂತು ಸ್ವತಂತ್ರ ಗಣರಾಜ್ಯದ ಘೋಷಣೆ ಓದಿದ. ಆರು ದಿನಗಳಲ್ಲಿ ಬ್ರಿಟಿಷರು ದಂಗೆಯನ್ನು ಅಡಗಿಸಿದರು. ಮೇ ತಿಂಗಳಲ್ಲಿ ಪಿಯರ್ಸ್ ಸೇರಿ ಹದಿನೈದು ಮಂದಿಯನ್ನು ಗುಂಡಿಟ್ಟು ಕೊಂದರು. ಅಲ್ಲಿಯವರೆಗೆ ಸುಮ್ಮನಿದ್ದ ಜನರೂ ಆಮೇಲೆ ಸಿಡಿದೆದ್ದರು.

ಅದೇ ದಿನ ಭೂಮಿಯ ಇನ್ನೊಂದು ತುದಿಯಲ್ಲಿ, ಅಂಟಾರ್ಕ್ಟಿಕಾ ಬಳಿಯ ಎಲಿಫೆಂಟ್ ದ್ವೀಪದಿಂದ ಏಳು ಮೀಟರ್ ಉದ್ದವೂ ಇಲ್ಲದ ದೋಣಿಯೊಂದು ಹೊರಟಿತು. ಮಂಜುಗಡ್ಡೆಗೆ ಸಿಕ್ಕಿ ಹಡಗು ಕಳೆದುಕೊಂಡಿದ್ದ ಅರ್ನೆಸ್ಟ್ ಶ್ಯಾಕಲ್‌ಟನ್, 22 ಜನರನ್ನು ದ್ವೀಪದಲ್ಲಿ ಬಿಟ್ಟು, ಐವರೊಂದಿಗೆ ಸಹಾಯ ತರಲು ಹೊರಟಿದ್ದ. ಸಮುದ್ರದ ಮೇಲೆ 1300 ಕಿಲೋಮೀಟರಿಗೂ ಹೆಚ್ಚು ದಾರಿ. ಮೇ 10ರಂದು ದಕ್ಷಿಣ ಜಾರ್ಜಿಯಾ ದ್ವೀಪ ತಲುಪಿದರು. ಬಿಟ್ಟುಬಂದವರನ್ನು ಕರೆತರಲು ಮೂರು ಪ್ರಯತ್ನ ವಿಫಲವಾಗಿ, ನಾಲ್ಕನೆಯದರಲ್ಲಿ, ಆಗಸ್ಟ್ 30ರಂದು, ಅಷ್ಟೂ 22 ಜನರನ್ನು ಜೀವಂತವಾಗಿ ಕರೆತಂದ.

ಇನ್ನೂ ಒಂದು ವಿಷಯ: ಶ್ಯಾಕಲ್‌ಟನ್ ಹುಟ್ಟಿದ್ದು ಐರ್ಲೆಂಡಿನಲ್ಲೇ. ದೋಣಿಯಲ್ಲಿದ್ದ ಟಾಮ್ ಕ್ರೀನ್ ಮತ್ತು ಟಿಮ್ ಮೆಕಾರ್ಥಿ ಕೂಡ ಅಲ್ಲಿಯವರೇ. ಹುಟ್ಟಿದ ನೆಲದಲ್ಲಿ ಅಷ್ಟು ದೊಡ್ಡದು ನಡೆಯುತ್ತಿದ್ದಾಗ ಈ ಮೂವರು ಹಿಮದ ಸಮುದ್ರದಲ್ಲಿದ್ದರು, ಸುದ್ದಿಯೇ ಇರಲಿಲ್ಲ. ಊರಿನ ಸುದ್ದಿಯನ್ನು ತಡವಾಗಿ ಕೇಳುವ ಸಂಕಟ ನಮಗೆ ಹೊಸದೇನಲ್ಲ.

ಎಂಜಿನಿಯರುಗಳು ನೆನಪಿಡಬೇಕಾದ ದಿನ

ನಮ್ಮಲ್ಲಿ ಬಹಳ ಜನ ಎಂಜಿನಿಯರುಗಳು. ಹಾಗಾಗಿ ಈ ಭಾಗ ನಮ್ಮವರಿಗೆ ವಿಶೇಷವಾಗಿ.

1967ರ ಏಪ್ರಿಲ್ 24. ಸೋವಿಯತ್ ಗಗನಯಾತ್ರಿ ವ್ಲಾದಿಮಿರ್ ಕೊಮರೋವ್ ಹಿಂದಿನ ದಿನ ಸೋಯುಜ್-1 ನೌಕೆಯಲ್ಲಿ ಹಾರಿದ್ದರು. ಅದಕ್ಕೂ ಮೊದಲು ಮನುಷ್ಯರಿಲ್ಲದೆ ನಡೆಸಿದ ಪರೀಕ್ಷೆಗಳಲ್ಲಿ ಒಂದೂ ಸರಿಯಾಗಿ ಮುಗಿದಿರಲಿಲ್ಲ. ಆದರೂ ಹಾರಿಸಿದರು. ಮೇಲೆ ಹೋದ ಕೂಡಲೇ ಒಂದು ಸೌರಫಲಕ ತೆರೆಯಲಿಲ್ಲ. ಇಳಿಯುವಾಗ ಮುಖ್ಯ ಪ್ಯಾರಾಚೂಟ್ ಬಿಚ್ಚಿಕೊಳ್ಳಲಿಲ್ಲ, ಎರಡನೆಯದು ಸುತ್ತಿಕೊಂಡಿತು. ಬಾಹ್ಯಾಕಾಶ ಯಾನದಲ್ಲಿ ಪ್ರಾಣ ಕಳೆದುಕೊಂಡ ಮೊದಲ ಮನುಷ್ಯ ಕೊಮರೋವ್. ಅವರಿಗೆ ತೊಂದರೆಯಾದರೆ ಹೋಗಲು ಸಿದ್ಧವಿದ್ದ ಬದಲಿ ಯಾತ್ರಿ ಯಾರು ಗೊತ್ತೇ? ಯೂರಿ ಗಗಾರಿನ್! ಆಮೇಲೆ ಸೋಯುಜನ್ನು ತಿದ್ದಿ ತೀಡಿದರು. 1984ರಲ್ಲಿ ನಮ್ಮ ರಾಕೇಶ್ ಶರ್ಮಾ ಹೋಗಿ ಬಂದದ್ದು ಅದೇ ಸೋಯುಜ್ ಸರಣಿಯ ನೌಕೆಯಲ್ಲಿ.

1990ರ ಏಪ್ರಿಲ್ 24. ಡಿಸ್ಕವರಿ ನೌಕೆ ಹಬಲ್ ದೂರದರ್ಶಕವನ್ನು ಹೊತ್ತು ಹಾರಿತು. ಬೆಂಗಳೂರಿನ ಗಡಿಯಾರದಲ್ಲಿ ಆಗ ಸಂಜೆ 6 ಗಂಟೆ. ಚಿತ್ರಗಳು ಬಂದಾಗ ಎಲ್ಲವೂ ಮಸುಕು! 2.4 ಮೀಟರ್ ಅಗಲದ ಕನ್ನಡಿಯನ್ನು ಅಂಚಿನಲ್ಲಿ ತಲೆಗೂದಲಿನ ಸುಮಾರು ಐವತ್ತನೇ ಒಂದು ಭಾಗದಷ್ಟು ಹೆಚ್ಚು ಉಜ್ಜಿಬಿಟ್ಟಿದ್ದರು. ಅಳೆಯುವ ಉಪಕರಣದಲ್ಲೇ ಒಂದು ಮಸೂರ 1.3 ಮಿಲಿಮೀಟರ್ ಆಚೀಚೆ ಕೂತಿತ್ತು. ಬೇರೆ ಎರಡು ಪರೀಕ್ಷೆಗಳು "ಎಲ್ಲೋ ತಪ್ಪಿದೆ" ಎಂದು ತೋರಿಸಿದ್ದವು. ಅವು ಅಷ್ಟು ನಿಖರವಲ್ಲ ಎಂದು ಪಕ್ಕಕ್ಕಿಟ್ಟಿದ್ದರು. ಸುದೈವ, 1993ರ ಡಿಸೆಂಬರಿನಲ್ಲಿ ಏಳು ಮಂದಿ ಯಾತ್ರಿಗಳು ಹೋಗಿ, ಐದು ಬಾರಿ ಬಾಹ್ಯಾಕಾಶದಲ್ಲಿ ನಡೆದು, ಹಬಲ್‌ಗೆ ಒಂದು ರೀತಿಯಲ್ಲಿ ಕನ್ನಡಕ ತೊಡಿಸಿ ಬಂದರು.

2013ರ ಏಪ್ರಿಲ್ 24. ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿದು 1134 ಜನ ಸತ್ತರು. ಹೆಚ್ಚಿನವರು ಬಟ್ಟೆ ಹೊಲಿಯುವ ಹೆಣ್ಣುಮಕ್ಕಳು. ಹಿಂದಿನ ದಿನವೇ ಗೋಡೆ, ಕಂಬಗಳಲ್ಲಿ ಬಿರುಕು ಕಂಡಿತ್ತು. ಕೆಳಗಿನ ಬ್ಯಾಂಕು, ಅಂಗಡಿಗಳನ್ನು ಮುಚ್ಚಿದ್ದರು. ಗಾರ್ಮೆಂಟ್ಸ್‌ನವರಿಗೆ ಮಾತ್ರ ಮರುದಿನ ಕೆಲಸಕ್ಕೆ ಬರಲೇಬೇಕು ಎಂಬ ಅಪ್ಪಣೆ. ಅವರು ಹೊಲಿಯುತ್ತಿದ್ದುದು ನಮ್ಮಂಥವರು ಮಾಲ್‌ಗಳಲ್ಲಿ ಕೊಳ್ಳುವ ಅಂಗಿ-ಪ್ಯಾಂಟುಗಳನ್ನು.

ಮೂರೂ ಬೇರೆ ದೇಶ, ಬೇರೆ ಕಾಲ. ಆದರೆ ಮೂರರಲ್ಲೂ ಎಚ್ಚರಿಕೆ ಮೊದಲೇ ಸಿಕ್ಕಿತ್ತು. ನೋಡಿದವರಿದ್ದರು, ಹೇಳಿದವರೂ ಇದ್ದರು. ಗಡುವು, ಖರ್ಚು, ಪ್ರತಿಷ್ಠೆ ಅವರ ಬಾಯಿ ಮುಚ್ಚಿಸಿದವು. ನಮ್ಮ ಆಫೀಸುಗಳಲ್ಲೂ ಕಿರಿಯನೊಬ್ಬ "ಸರ್, ಇಲ್ಲೇನೋ ಸರಿಯಿಲ್ಲ" ಅಂದಾಗ "ಆಮೇಲೆ ನೋಡೋಣ" ಅನ್ನುವವರು ನಾವೇ ಅಲ್ಲವೇ? ಹಬಲ್‌ಗೆ ಎರಡನೇ ಅವಕಾಶ ಸಿಕ್ಕಿತು. ಕೊಮರೋವ್‌ಗೆ ಸಿಗಲಿಲ್ಲ, ಸಾವರ್‌ನ ಹೆಣ್ಣುಮಕ್ಕಳಿಗೂ ಸಿಗಲಿಲ್ಲ.

1993: ಹಳ್ಳಿಯ ಕೈಗೆ ಅಧಿಕಾರ

ಭಾರತದಲ್ಲಿ ಏಪ್ರಿಲ್ 24 ಪಂಚಾಯತ್ ರಾಜ್ ದಿನ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಇದೇ ದಿನ ಜಾರಿಗೆ ಬಂತು. ಪಂಚಾಯಿತಿಗಳಲ್ಲಿ ಕನಿಷ್ಠ ಮೂರರಲ್ಲೊಂದು ಸ್ಥಾನ ಮಹಿಳೆಯರಿಗೆ ಎಂದಾಯಿತು. ಇಲ್ಲಿ ನಾವು ಸ್ವಲ್ಪ ಹೆಮ್ಮೆಪಡಬಹುದು. ಕರ್ನಾಟಕ ಈ ದಾರಿಯಲ್ಲಿ ಹತ್ತು ವರ್ಷ ಮುಂಚೆಯೇ ಹೆಜ್ಜೆ ಇಟ್ಟಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ 1983ರ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದರು. ಮಹಿಳೆಯರಿಗೆ ಶೇಕಡಾ 25 ಮೀಸಲಾತಿ ಇತ್ತು. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು ಪ್ರೀತಿಯಿಂದ ನೀರ್ ಸಾಬ್ ಎಂದೇ ಕರೆದರು. ಈ ಹೆಸರು ನಮ್ಮ ಮಕ್ಕಳ ಕಿವಿಗೂ ಒಮ್ಮೆ ಬೀಳಲಿ.

ಪುಸ್ತಕ ಕೊಂಡ ದಿನ, ಬರೆಯುವವರನ್ನು ಬಂಧಿಸಿದ ದಿನ

1800ರ ಏಪ್ರಿಲ್ 24ರಂದು ಅಮೆರಿಕದ ಅಧ್ಯಕ್ಷ ಜಾನ್ ಆಡಮ್ಸ್ ಒಂದು ಮಸೂದೆಗೆ ಸಹಿ ಹಾಕಿದರು. ಸಂಸತ್ತಿನ ಸದಸ್ಯರಿಗೆ ಪುಸ್ತಕ ಕೊಳ್ಳಲು 5000 ಡಾಲರ್. ಲೈಬ್ರರಿ ಆಫ್ ಕಾಂಗ್ರೆಸ್ ಹುಟ್ಟಿದ್ದು ಹೀಗೆ. 1814ರಲ್ಲಿ ಬ್ರಿಟಿಷ್ ಸೈನ್ಯ ಅದನ್ನು ಸುಟ್ಟುಹಾಕಿತು. ಥಾಮಸ್ ಜೆಫರ್ಸನ್ ತಮ್ಮ ಮನೆಯ 6487 ಪುಸ್ತಕಗಳನ್ನು ಮಾರಿ ಅದಕ್ಕೆ ಮರುಜೀವ ಕೊಟ್ಟರು. ಇವತ್ತು ಆ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳೂ ಇವೆ.

1915ರ ಏಪ್ರಿಲ್ 24ರದ್ದು ಇದಕ್ಕೆ ವಿರುದ್ಧವಾದ ಕಥೆ. ಆಟೊಮನ್ ಸರ್ಕಾರ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಅರ್ಮೇನಿಯನ್ ಕವಿಗಳು, ಪತ್ರಕರ್ತರು, ಅಧ್ಯಾಪಕರು, ಪಾದ್ರಿಗಳನ್ನು ಬಂಧಿಸಿ ಗಡಿಪಾರು ಮಾಡಿತು. ಹೆಚ್ಚಿನವರು ತಿರುಗಿ ಬರಲಿಲ್ಲ. ಜನಪದ ಹಾಡುಗಳನ್ನು ಊರೂರು ತಿರುಗಿ ಸಂಗ್ರಹಿಸಿದ್ದ ಕೋಮಿತಾಸ್ ಬದುಕಿ ಬಂದರೂ ಮನಸ್ಸು ಒಡೆದುಹೋಗಿತ್ತು. ಲೋಕದ ಎಲ್ಲೆಡೆ ಚದುರಿದ ಅರ್ಮೇನಿಯನ್ನರು ಪ್ರತಿ ವರ್ಷ ಈ ದಿನ ಸೇರಿ ಸತ್ತವರನ್ನು ನೆನೆಯುತ್ತಾರೆ. ಒಂದು ಜನಾಂಗವನ್ನು ಅಳಿಸಲು ಹೊರಟವರು ಮೊದಲು ಹುಡುಕಿದ್ದು ಭಾಷೆ ಕಾಪಾಡುವವರನ್ನು, ಗಮನಿಸಿ.

ಕೊನೆಗೆ

ಲೋಕದ ಜನಸಂಖ್ಯೆ 800 ಕೋಟಿ ದಾಟಿದೆ. ಅದನ್ನು 365ರಿಂದ ಭಾಗಿಸಿದರೆ, ಯಾವ ದಿನ ತೆಗೆದುಕೊಂಡರೂ ಸುಮಾರು ಎರಡು ಕೋಟಿ ಜನರ ಹುಟ್ಟುಹಬ್ಬ ಇರುತ್ತದೆ. ಅವರಲ್ಲಿ ಪತ್ರಿಕೆಯಲ್ಲಿ ಹೆಸರು ಬರುವವರು ಬೆರಳೆಣಿಕೆ. ಯಾರನ್ನು ನೆನೆಯಬೇಕು, ಯಾವುದನ್ನು ಮಕ್ಕಳಿಗೆ ಹೇಳಬೇಕು ಎಂಬ ಆಯ್ಕೆ ಮಾತ್ರ ನಮ್ಮದು. ಶಾಲೆಯಲ್ಲಿ ನಮ್ಮ ಮಕ್ಕಳು ಹಬಲ್ ಬಗ್ಗೆ ಕಲಿಯುತ್ತಾರೆ, ಶ್ಯಾಕಲ್‌ಟನ್ ಬಗ್ಗೆಯೂ ಕಲಿಯಬಹುದು. ಮುತ್ತುರಾಜನ ಬಗ್ಗೆ, ನೀರ್ ಸಾಬ್ ಬಗ್ಗೆ ಮನೆಯಲ್ಲಿ ನಾವು ಹೇಳದಿದ್ದರೆ ಇನ್ಯಾರೂ ಹೇಳುವುದಿಲ್ಲ.

ಹಾಗಾಗಿ ಒಂದು ಮನೆಗೆಲಸ. ಮುಂದಿನ ಸಲ ಮನೆಯಲ್ಲಿ ಯಾರದಾದರೂ ಹುಟ್ಟುಹಬ್ಬ ಬಂದಾಗ, ಕೇಕ್ ಕತ್ತರಿಸುವ ಮೊದಲು ಆ ದಿನ ಏನೇನಾಗಿತ್ತು ಎಂದು ಮಕ್ಕಳ ಜೊತೆ ಕೂತು ಹುಡುಕಿ. ಮೂರು ಸಂಗತಿ ಸಾಕು: ಒಂದು ಲೋಕದ್ದು, ಒಂದು ನಮ್ಮ ನಾಡಿನದು, ಒಂದು ನಿಮ್ಮ ಮನೆಯದು. ಮೂರನೆಯದಕ್ಕೆ ಇಂಟರ್ನೆಟ್ಟಿನಲ್ಲಿ ಉತ್ತರ ಸಿಗುವುದಿಲ್ಲ, ಊರಿಗೆ ಫೋನ್ ಮಾಡಿ ಅಜ್ಜಿಯನ್ನೇ ಕೇಳಬೇಕು. ಅಜ್ಜಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಇನ್ನೇನು ಬೇಕು?

ಏಪ್ರಿಲ್ 24ರಂದು ಹುಟ್ಟಿದ ನಮ್ಮ ಸಂಘದ ಎಲ್ಲರಿಗೂ ಹುಟ್ಟುಹಬ್ಬದ ಶುಭಾಶಯಗಳು!