ಕೊಂಡಿಗಳ ಸಾಕ್ಷ್ಯ: ಎಷ್ಟು ನಿಜ, ಎಷ್ಟು ಸುಳ್ಳು?

ಗ್ರಂಥವೊಂದರ ಯೋಗ್ಯತೆಯನ್ನು ಅದನ್ನು ಓದದೆಯೇ ಅಳೆಯುವುದು ಸಾಧ್ಯವೆ? ಒಂದು ಮಟ್ಟಿಗೆ ಸಾಧ್ಯವೆಂದೇ ಹೇಳಬೇಕು. ವಿಜ್ಞಾನಿಯೊಬ್ಬನ ಲೇಖನವನ್ನು ಇತರ ವಿಜ್ಞಾನಿಗಳು ತಮ್ಮ ಬರಹಗಳಲ್ಲಿ ಎಷ್ಟು ಸಲ ಉಲ್ಲೇಖಿಸಿರುವರೆಂಬುದನ್ನು ಎಣಿಸಿದರೆ, ವಿದ್ವಾಂಸರ ನಡುವೆ ಅದಕ್ಕಿರುವ ಮನ್ನಣೆಯ ಅಂದಾಜು ದೊರೆಯುತ್ತದೆ. ಇಂಥ ಉಲ್ಲೇಖಗಳ ಸೂಚಿಯೊಂದನ್ನು ಸಿದ್ಧಪಡಿಸಬೇಕೆಂದು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ೧೯೫೫ರಲ್ಲಿಯೇ ಸೂಚಿಸಿದ್ದರು. ಅದೇ ಬಗೆಯ ವಿಚಾರವು ಸುಮಾರು ನಾಲ್ಕು ದಶಕಗಳ ತರುವಾಯ ಅಂತರಜಾಲದ ಶೋಧನ ಯಂತ್ರಗಳಿಗೆ ತಳಹದಿಯಾಯಿತು. ಅದರ ಬಲವೇನು, ಅದಕ್ಕೆ ಅಂಟಿಕೊಂಡ ರೋಗವೇನು, ಆ ರೋಗಕ್ಕೆ ಮದ್ದೇನು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಕೊಂಡಿಯೇ ಶಿಫಾರಸು

ಅಂತರಜಾಲದಲ್ಲಿ ಓದುಗನನ್ನು ಒಂದು ಪುಟದಿಂದ ಮತ್ತೊಂದಕ್ಕೆ ಕರೆದೊಯ್ಯುವ ದಾರಿಗೆ ಕೊಂಡಿ ಎಂದು ಹೆಸರು. ಹೊರಗಿನ ತಾಣಗಳಿಂದ ನಮ್ಮ ತಾಣಕ್ಕೆ ಬರುವ ಕೊಂಡಿಗಳನ್ನು ಬ್ಯಾಕ್‌ಲಿಂಕ್‌ಗಳೆಂದು ಕರೆಯುವುದು ರೂಢಿ. ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧನ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬವರು, ಇಂಥ ಒಂದೊಂದು ಕೊಂಡಿಯನ್ನೂ ಒಂದು ಶಿಫಾರಸೆಂದು ಎಣಿಸುವ ಕ್ರಮವನ್ನು ೧೯೯೮ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಈ ಕ್ರಮಕ್ಕೆ ಪೇಜ್‌ರ‍್ಯಾಂಕ್ ಎಂಬ ಹೆಸರಿದೆ. ಅದೇ ವರ್ಷ ಅವರು ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದರು.

ಈ ಕ್ರಮದಲ್ಲಿ ಎಲ್ಲ ಶಿಫಾರಸುಗಳ ತೂಕವೂ ಒಂದೇ ಅಲ್ಲ. ತಾನೇ ಮನ್ನಣೆ ಪಡೆದಿರುವ ಪುಟದ ಮಾತಿಗೆ ಹೆಚ್ಚು ಬೆಲೆ. ಆದರೆ ಆ ಬೆಲೆಯು ಅದು ಕೊಡುವ ಕೊಂಡಿಗಳಿಗೆಲ್ಲ ಸಮನಾಗಿ ಹಂಚಿಹೋಗುತ್ತದೆ. ಸೂತ್ರದ ಇತರ ಅಂಶಗಳನ್ನು ಬದಿಗಿಟ್ಟು ಒಂದು ಸಣ್ಣ ಲೆಕ್ಕ ಮಾಡೋಣ. ೬೦ ಅಂಕಗಳ ಮನ್ನಣೆಯುಳ್ಳ ಪುಟವೊಂದು ಮೂರು ಕೊಂಡಿಗಳನ್ನು ಕೊಟ್ಟರೆ ಒಂದೊಂದಕ್ಕೂ ೨೦ ಅಂಕಗಳು ಸಲ್ಲುವುವು. ೨ ಅಂಕಗಳ ಪುಟವೊಂದು ೧೦೦ ಕೊಂಡಿಗಳನ್ನು ಕೊಟ್ಟರೆ ಒಂದೊಂದಕ್ಕೂ ಸಲ್ಲುವುದು ೦.೦೨ ಮಾತ್ರ. ಇದು ತೀರ ಅಲ್ಪವೆಂದು ತೋರುವುದು ಸಹಜ. ಆದರೆ ಅಂಥ ಸಾವಿರ ಪುಟಗಳಿಂದ ಕೊಂಡಿಗಳು ಬಂದರೆ? ೦.೦೨ರ ಸಾವಿರ ಪಟ್ಟು ಎಂದರೆ ೨೦ ಆಯಿತಲ್ಲವೆ! ಕೆಲಸಕ್ಕೆ ಬಾರದ ಪುಟಗಳನ್ನು ರಾಶಿರಾಶಿಯಾಗಿ ಹುಟ್ಟಿಸಲು ಹೆಚ್ಚು ಖರ್ಚೂ ತಗಲುವುದಿಲ್ಲ. ರೋಗದ ಬೀಜವಿರುವುದು ಇಲ್ಲಿಯೇ.

ಕೊಂಡಿಗಳ ವ್ಯಾಪಾರ

ಶೋಧನೆಯ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದರೆ ಗಿರಾಕಿಗಳು ತಾವಾಗಿಯೇ ಬರುತ್ತಾರೆ. ಆದ್ದರಿಂದ ಕೊಂಡಿಗಳನ್ನು ಮಾರುವವರೂ ಕೊಳ್ಳುವವರೂ ಹುಟ್ಟಿಕೊಂಡರು. ಅಮೆರಿಕದ ಜೆ. ಸಿ. ಪೆನ್ನಿ ಎಂಬ ದೊಡ್ಡ ಅಂಗಡಿಯ ಪ್ರಸಂಗ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಉಡುಪು, ಹಾಸಿಗೆ, ನೆಲಹಾಸು—ಇಂಥ ಹಲವು ಪದಗಳನ್ನು ಗೂಗಲ್‌ನಲ್ಲಿ ಹುಡುಕಿದಾಗ ತಿಂಗಳುಗಟ್ಟಲೆ ಆ ಅಂಗಡಿಯೇ ಮೇಲೆ ನಿಲ್ಲುತ್ತಿತ್ತು. ಬಟ್ಟೆಬರೆಗೂ ಮನೆಸಾಮಾನಿಗೂ ಯಾವ ಸಂಬಂಧವೂ ಇಲ್ಲದ ನೂರಾರು ತಾಣಗಳಿಂದ ಅದಕ್ಕೆ ಕೊಂಡಿಗಳು ಬಂದಿರುವುದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ೨೦೧೧ರ ಫೆಬ್ರವರಿಯಲ್ಲಿ ಬಯಲಿಗೆಳೆಯಿತು. ಪತ್ರಿಕೆ ಗಮನಿಸಿದ ೫೯ ಪದಗಳಲ್ಲಿ ಅಂಗಡಿಯ ಸರಾಸರಿ ಸ್ಥಾನ ಆ ತಿಂಗಳ ೧ರಂದು ೧.೩ ಇದ್ದಿತು, ಗೂಗಲ್ ಕ್ರಮ ಕೈಗೊಂಡ ಮೇಲೆ, ೧೦ರ ಹೊತ್ತಿಗೆ, ಅದು ೫೨ಕ್ಕೆ ಕುಸಿಯಿತು. ಆ ಕೊಂಡಿಗಳು ತನ್ನ ಅನುಮತಿಯಿಂದ ಬಂದುವಲ್ಲವೆಂದು ಕಂಪೆನಿ ಹೇಳಿಕೊಂಡು, ತನ್ನ ಸಲಹೆಗಾರ ಸಂಸ್ಥೆಯನ್ನು ಕೈಬಿಟ್ಟಿತು.

ಮದ್ದೂ ಅದರ ತೊಡಕೂ

೨೦೧೨ರ ಏಪ್ರಿಲ್ ೨೪ರಂದು ಗೂಗಲ್ ಪೆಂಗ್ವಿನ್ ಎಂಬ ಹೊಸ ಗಣನವಿಧಾನವನ್ನು ಜಾರಿಗೆ ತಂದಿತು. ಕೃತಕ ಕೊಂಡಿಗಳನ್ನು ಯಂತ್ರವೇ ಗುರುತಿಸಿ, ಅವುಗಳಿಂದ ಲಾಭ ಪಡೆದ ತಾಣಗಳನ್ನು ಕೆಳಕ್ಕೆ ತಳ್ಳುವುದು ಅದರ ಕೆಲಸ. ಆದರೆ ಇಲ್ಲೊಂದು ನ್ಯಾಯದ ಪ್ರಶ್ನೆ ತಲೆಯೆತ್ತಿತು. ನಮ್ಮ ತಾಣದ ಕಡೆಗೆ ಯಾರು ಕೊಂಡಿ ಹಾಕಬೇಕೆಂಬುದು ನಮ್ಮ ಕೈಯಲ್ಲಿಲ್ಲ. ನಮಗಾಗದವನೊಬ್ಬನು ನಮ್ಮ ಹೆಸರಿಗೆ ಸಾವಿರ ಕಳಪೆ ಕೊಂಡಿಗಳನ್ನು ಕಟ್ಟಿದರೆ, ಅದರ ದಂಡವನ್ನು ನಾವು ತೆರಬೇಕೆ?

ಆ ವರ್ಷದ ಅಕ್ಟೋಬರಿನಲ್ಲಿ ಗೂಗಲ್ ಡಿಸ್‌ಅವೋ ಎಂಬ ಸಾಧನವನ್ನು ಒದಗಿಸಿತು. ‘ಈ ಕೊಂಡಿಗಳು ನಮ್ಮವಲ್ಲ, ಇವನ್ನು ಎಣಿಸಬೇಡಿ’ ಎಂದು ತಾಣದ ಒಡೆಯನು ಪಟ್ಟಿಮಾಡಿ ಒಪ್ಪಿಸುವ ಏರ್ಪಾಡು ಅದು. ೨೦೧೬ರ ಸೆಪ್ಟೆಂಬರಿನಲ್ಲಿ ಪೆಂಗ್ವಿನ್ನಿನ ರೀತಿಯೂ ಬದಲಾಯಿತು. ಕಳಪೆ ಕೊಂಡಿ ಬಂದಿತೆಂದು ಇಡೀ ತಾಣವನ್ನು ತಗ್ಗಿಸುವುದರ ಬದಲು, ಆ ಕೊಂಡಿಯ ಬೆಲೆಯನ್ನಷ್ಟೇ ಕಳೆಯುವ ಪದ್ಧತಿ ಬಂದಿತು. ಮೇಲಿನ ಲೆಕ್ಕದಲ್ಲಿ ಹೇಳುವುದಾದರೆ, ೦.೦೨ರ ಸ್ಥಾನದಲ್ಲಿ ಸೊನ್ನೆಯನ್ನು ಬರೆಯುವುದು. ಸೊನ್ನೆಯನ್ನು ಎಷ್ಟು ಸಾವಿರ ಸಲ ಕೂಡಿದರೂ ಸೊನ್ನೆಯೇ. ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ತಾಣವನ್ನು ನಡೆಸುವವರು ಏನು ಮಾಡಬೇಕು?

ಇದನ್ನು ತಿಳಿದರೆ ಅರ್ಧ ಭಯ ಹೋದಂತೆಯೇ. ಯಾವುದೇ ಹಳೆಯ ತಾಣಕ್ಕೆ ಒಂದಷ್ಟು ಕಸದ ಕೊಂಡಿಗಳು ಬಂದು ಸೇರುವುದು ಸಹಜ. ಅವುಗಳಲ್ಲಿ ಹೆಚ್ಚಿನವನ್ನು ಹಾಗೆಯೇ ಬಿಡುವುದು ಲೇಸು. ಕೆಲವು ಖಾಸಗಿ ಉಪಕರಣಗಳು ಕೊಂಡಿಗಳನ್ನು ‘ವಿಷಕಾರಿ’ಯೆಂದು ಅಂಕಗಳೊಡನೆ ತೋರಿಸಿ ಗಾಬರಿ ಹುಟ್ಟಿಸುತ್ತವೆ. ಆ ಅಂಕಗಳು ಉಪಕರಣ ತಯಾರಿಸಿದವರವು, ಶೋಧನ ಯಂತ್ರದವಲ್ಲ.

ಮೊದಲು ಪರೀಕ್ಷಿಸಬೇಕಾದ ಸಂಗತಿಗಳು ಎರಡು. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ನಮ್ಮ ತಾಣದ ಮೇಲೆ ಕ್ರಮ ಕೈಗೊಂಡಿರುವ ಸೂಚನೆಯೇನಾದರೂ ಇದೆಯೆ? ನಾವಾಗಲಿ ನಮ್ಮ ಪರವಾಗಿ ಬೇರೆಯವರಾಗಲಿ ಹಿಂದೆ ಕೊಂಡಿಗಳನ್ನು ಕೊಂಡದ್ದುಂಟೆ? ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ ಸುಮ್ಮನಿರಬಹುದು. ಉಂಟೆಂದಾದರೆ, ಆ ಕೊಂಡಿಗಳನ್ನು ತೆಗೆದುಹಾಕುವಂತೆ ಆಯಾ ತಾಣದವರನ್ನು ಕೇಳಿಕೊಳ್ಳಬೇಕು. ಅದು ಸಾಗದಿದ್ದಲ್ಲಿ ಮಾತ್ರ ಉಳಿದವನ್ನು ಡಿಸ್‌ಅವೋ ಪಟ್ಟಿಗೆ ಸೇರಿಸಬೇಕು. ಈ ಪಟ್ಟಿ ಒಂದು ಸಾಧಾರಣ ಪಠ್ಯಕಡತ. ಸಾಲಿಗೊಂದರಂತೆ ಪುಟದ ಇಲ್ಲವೆ ಇಡೀ ತಾಣದ ವಿಳಾಸವನ್ನು ಅದರಲ್ಲಿ ಬರೆಯುತ್ತಾರೆ. ಇಲ್ಲಿ ಕೈ ಬಿಗಿಯಾಗಿರಬೇಕು. ಅವಸರದಲ್ಲಿ ಒಳ್ಳೆಯ ಕೊಂಡಿಗಳನ್ನೂ ಪಟ್ಟಿಗೆ ಸೇರಿಸಿದರೆ ಕಳೆಯೊಡನೆ ಪೈರನ್ನೂ ಕಿತ್ತಂತಾಗುತ್ತದೆ. ತಾಣವು ನ್ಯಾಯವಾಗಿ ಗಳಿಸಿದ ಸ್ಥಾನವೇ ಹೋದೀತು.

ಹಣ ಕೊಟ್ಟು ಜಾಹೀರಾತು ಹಾಕಿಸುವುದು ತಪ್ಪಲ್ಲ. ಅಂಥ ಕೊಂಡಿಯನ್ನು ಶಿಫಾರಸೆಂದು ಎಣಿಸಬಾರದೆಂದು ಯಂತ್ರಕ್ಕೆ ತಿಳಿಸುವ ನೋಫಾಲೋ ಎಂಬ ಗುರುತು ೨೦೦೫ರಿಂದಲೂ ಬಳಕೆಯಲ್ಲಿದೆ. ಜಾಹೀರಾತನ್ನು ಜಾಹೀರಾತೆಂದು ಸಾರಿ ಹೇಳಿದರೆ ಯಾರಿಗೂ ಮೋಸವಿಲ್ಲ.

ಕಾಲೇಜಿನ ಸಂಘಕ್ಕೋ ಊರಿನ ಗ್ರಂಥಾಲಯಕ್ಕೋ ತಾಣ ಕಟ್ಟಲು ಹೊರಟಿರುವ ವಿದ್ಯಾರ್ಥಿಗಳು, ‘ಸಾವಿರ ಕೊಂಡಿಗಳನ್ನು ಅಗ್ಗವಾಗಿ ಕೊಡುತ್ತೇವೆ’ ಎಂಬ ಕರೆಯನ್ನು ಇಂದಲ್ಲ ನಾಳೆ ಕೇಳಿಯೇ ಕೇಳುವರು. ಆಗ ಮೇಲಿನ ಲೆಕ್ಕವನ್ನು ನೆನೆಯಲಿ. ಕೊಳ್ಳುವ ಹಣದಿಂದ ದೊರೆಯುವುದು ಬಹುಮಟ್ಟಿಗೆ ಸೊನ್ನೆ. ಕೆಲವೊಮ್ಮೆ ಸೊನ್ನೆಗಿಂತಲೂ ಕಡಮೆ. ಅದೇ ಶ್ರಮದಲ್ಲಿ ತಮ್ಮ ಊರಿನ ಕೆರೆಯನ್ನೋ ಶಾಸನವನ್ನೋ ಕುರಿತು ಬೇರೆಲ್ಲಿಯೂ ಸಿಗದ ಒಂದು ಪುಟವನ್ನು ಬರೆದರೆ, ಆ ವಿಷಯ ಬೇಕಾದವರು ಕೇಳದೆಯೇ ಕೊಂಡಿ ಹಾಕುವರು.