ಮರುಭೂಮಿಯ ಮೀಸೆ ಹಕ್ಕಿ

ಒಂದು ರೂಪಾಯಿ ನಾಣ್ಯವನ್ನು ಅಂಗೈ ಮೇಲೆ ಇಟ್ಟು ನೋಡಿ. ಎಷ್ಟು ಹಗುರ! ಒಂದು ಇಡೀ ಹಕ್ಕಿ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ ಅಂದರೆ ನಂಬುತ್ತೀರಾ? ಕೊಕ್ಕು, ರೆಕ್ಕೆ, ಬಾಲ ಎಲ್ಲ ಸೇರಿ ಸುಮಾರು 3 ಗ್ರಾಂ.

ಇದು ಕೋಸ್ಟಾ ಹಮ್ಮಿಂಗ್ ಬರ್ಡ್. ರೆಕ್ಕೆ ಬಡಿದರೆ ದುಂಬಿಯ ಹಾಗೆ ಗುಂಯ್ ಅನ್ನುತ್ತದೆ. ಅಮೆರಿಕದ ನೈರುತ್ಯ ಭಾಗ ಮತ್ತು ಪಕ್ಕದ ಮೆಕ್ಸಿಕೋ ದೇಶದ ಮರುಭೂಮಿ ಇದರ ಊರು. ನಮ್ಮ ಹಿತ್ತಲಲ್ಲಿ ಹೂವಿನ ರಸ ಹೀರುವುದು ಸೂರಕ್ಕಿ. ನೋಡಲು ಹೋಲಿಕೆ ಇದೆ, ಕುಲವೇ ಬೇರೆ.

ಮರುಭೂಮಿಯಲ್ಲಿ ಹೂ ಎಲ್ಲಿಂದ ಬಂತು ಅಂತೀರಾ? ಚಳಿಗಾಲ ಮುಗಿಯುವಾಗ ಅಲ್ಲಿ ಚುಪಾರೋಸಾ ಗಿಡ ಕೆಂಪಗೆ ಹೂ ಬಿಡುತ್ತದೆ. ಹೂವಿನ ರಸ, ಸಣ್ಣ ಹುಳ ಹಕ್ಕಿಯ ಊಟ. ಬಿಸಿಲು ಏರಿತೋ, ಹೂ ಕಡಿಮೆಯಾಯ್ತು. ಅಷ್ಟರೊಳಗೆ ಜೋಡಿ ಸಿಗಬೇಕು, ಮರಿ ಆಗಬೇಕು.

ಹೆಣ್ಣಿನ ಬೆನ್ನು ಹಸಿರು, ಹೊಟ್ಟೆ ಬಿಳಿ. ಗಂಡಿನದು ಬೇರೆಯೇ ಠೀವಿ! ತಲೆ, ಗಂಟಲು ನೇರಳೆ. ಗಂಟಲಿನ ಗರಿಗಳು ಎರಡೂ ಪಕ್ಕಕ್ಕೆ ಚಾಚಿ, ಥೇಟ್ ಹುರಿ ಮಾಡಿದ ಮೀಸೆ. ಆದರೆ ಬೆಳಕು ಸರಿಯಾಗಿ ಬೀಳದಿದ್ದರೆ ಅದೇ ಮೀಸೆ ಕಪ್ಪಗೆ ಕಾಣುತ್ತದೆ. ಸೋಪಿನ ಗುಳ್ಳೆಯಲ್ಲಿ ಬಣ್ಣ ಮಿಂಚುತ್ತದಲ್ಲ, ಇದೂ ಹಾಗೆಯೇ ಬೆಳಕಿನ ಆಟ.

ಹೆಣ್ಣು ಕೊಂಬೆಯ ಮೇಲೆ ಕೂತಿರುತ್ತದೆ. ಗಂಡು ಅದರ ಮುಂದೆ ಬಂದು ಮೀಸೆ ಅಗಲಿಸಿ ತೋರಿಸುತ್ತದೆ. ಆಮೇಲೆ ಮೇಲಕ್ಕೆ ಏರಿ, ಅಲ್ಲಿಂದ ಬಾಣದಂತೆ ಕೆಳಗೆ ಧುಮುಕುತ್ತದೆ. ಹೆಣ್ಣಿನ ಪಕ್ಕದಲ್ಲೇ ಹಾದು ಮತ್ತೆ ಮೇಲಕ್ಕೆ. ಮತ್ತೆ ಮತ್ತೆ ಇದೇ. ಧುಮುಕುವಾಗ ಸಣ್ಣಗೆ ಸಿಳ್ಳೆ ಕೇಳುತ್ತದೆ. ಅದು ಬಾಯಿಯ ಸಿಳ್ಳೆ ಅಲ್ಲ, ಬಾಲದ ಗರಿಯದು!

ಇದರಲ್ಲೊಂದು ಜಾಣತನ ಇದೆ. ಎದುರು ಬರುವ ಬಸ್ಸಿನ ಹಾರನ್ ಕೀರಲು, ದಾಟಿ ಹೋದ ಮೇಲೆ ಅದೇ ದಪ್ಪ. ಆ ವ್ಯತ್ಯಾಸದಿಂದ ಬಸ್ಸಿನ ವೇಗ ಗೊತ್ತಾಗುತ್ತದೆ. ಗಂಡು ಹಕ್ಕಿ ನೇರವಾಗಿ ಹೆಣ್ಣಿನ ಕಡೆಗೆ ಬಾರದೆ ಪಕ್ಕದಲ್ಲಿ ಹಾಯುತ್ತದೆ. ಬಾಲವನ್ನು ಮಾತ್ರ ಹೆಣ್ಣಿನ ಕಡೆ ತಿರುಚುತ್ತದೆ. ಸಿಳ್ಳೆ ಚೆನ್ನಾಗಿ ಕೇಳುತ್ತದೆ, ಆದರೆ ಅದರಿಂದ ಗಂಡಿನ ವೇಗ ಅಳೆಯುವುದು ಹೆಣ್ಣಿಗೆ ಕಷ್ಟ. ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2018ರಲ್ಲಿ ಇದನ್ನು ತಿಳಿಸಿದರು.

ಇಷ್ಟೆಲ್ಲ ಮೆರೆದ ಗಂಡು ಗೂಡು ಕಟ್ಟಲು ಬರುವುದಿಲ್ಲ! ಹೆಣ್ಣೊಂದೇ ಜೇಡರ ಬಲೆಯ ಎಳೆಯಿಂದ ಬಿಗಿದು ಪುಟ್ಟ ಬಟ್ಟಲಿನಂಥ ಗೂಡು ಕಟ್ಟುತ್ತದೆ. ಎರಡು ಮೊಟ್ಟೆ ಇಟ್ಟು, ಎರಡು ವಾರಕ್ಕೂ ಮೇಲೆ ಕಾವು ಕೊಡುತ್ತದೆ. ಮರಿಗೆ ಗುಟುಕು ಕೊಡುವುದೂ ಅದೇ.