ಮನೆಯ ಅಚ್ಚುಕಟ್ಟೂ ಬೆಳಗಿನ ನೆಮ್ಮದಿಯೂ

ಬೆಳಗ್ಗೆ ಏಳೂಕಾಲು ಗಂಟೆ. ಅಡುಗೆಮನೆಯಲ್ಲಿ ಕಾವಲಿಯ ಮೇಲೆ ದೋಸೆ ಬೇಯುತ್ತಿದೆ. ನಡುಮನೆಯಿಂದ ಒಬ್ಬರು “ನನ್ನ ಕಂಪಾಸು ಪೆಟ್ಟಿಗೆ ಎಲ್ಲಮ್ಮಾ?” ಎಂದು ಕೂಗುತ್ತಾರೆ. ಇನ್ನೊಬ್ಬರು ಬಚ್ಚಲುಮನೆಯ ಬಾಗಿಲನ್ನು ತಟ್ಟುತ್ತಿದ್ದಾರೆ. ಮೂರನೆಯವರು ಸ್ಕೂಟರಿನ ಬೀಗದ ಕೈಗಾಗಿ ನಿನ್ನೆ ತೊಟ್ಟಿದ್ದ ಅಂಗಿಯ ಜೇಬುಗಳನ್ನು ತಡಕುತ್ತಿದ್ದಾರೆ. ಈ ಎಲ್ಲರಿಗೂ ಉತ್ತರ ಹೇಳಬೇಕಾದವರು ದೋಸೆ ಹೊಯ್ಯುತ್ತಿರುವ ತಾಯಿ. ಆಕೆ ಸೌಟನ್ನು ಕೆಳಗಿಟ್ಟು ಬಾಗಿಲ ಬಳಿಗೆ ಬರುವಷ್ಟರಲ್ಲಿ ದೋಸೆ ಸೀದುಹೋಗುತ್ತದೆ. ಕಂಪಾಸು ಪೆಟ್ಟಿಗೆ ಸಿಕ್ಕುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತದೆ.

ಇಂಥ ಬೆಳಗನ್ನು ಕಾಣದ ಮನೆ ಅಪರೂಪ. ವಿಚಿತ್ರವೇನೆಂದರೆ, ಈ ಮನೆಯಲ್ಲಿ ಸೋಮಾರಿಗಳು ಯಾರೂ ಇಲ್ಲ. ಎಲ್ಲರೂ ಸಕಾಲದಲ್ಲಿ ಎದ್ದವರೇ, ಎಲ್ಲರೂ ಓಡಾಡುತ್ತಿರುವವರೇ. “ಹೊತ್ತು ಸಾಲದು, ನಾಳೆ ಅರ್ಧ ಗಂಟೆ ಮುಂಚೆ ಏಳಬೇಕು” ಎಂದು ಸಂಜೆ ನಿರ್ಧಾರವಾಗುತ್ತದೆ. ಮರುದಿನ ಅರ್ಧ ಗಂಟೆ ಮುಂಚೆ ಎದ್ದರೂ ಬೀಗದ ಕೈ ಮಾತ್ರ ಸಿಕ್ಕುವುದಿಲ್ಲ. ಹಾಗಾದರೆ ಕೊರತೆ ಇರುವುದು ಹೊತ್ತಿನಲ್ಲಿಯೋ, ಬೇರೆಲ್ಲಿಯೋ? ಮನೆಯ ಈ ಸಣ್ಣ ಪ್ರಶ್ನೆಯನ್ನು ವಿಜ್ಞಾನದ ಬೆಳಕಿನಲ್ಲಿ ಪರಿಶೀಲಿಸಿದರೆ ಉಪಯುಕ್ತವಾದ ಉತ್ತರಗಳು ದೊರೆಯುತ್ತವೆ.

ಮೊದಲನೆಯದಾಗಿ, ಮನೆಯ ವಸ್ತುಗಳು ಅಸ್ತವ್ಯಸ್ತವಾಗುವುದೇಕೆ ಎಂಬುದನ್ನು ನೋಡೋಣ. ಕಪಾಟಿನಲ್ಲಿ ಹತ್ತು ಪುಸ್ತಕಗಳಿವೆಯೆಂದು ಭಾವಿಸೋಣ. ಅವುಗಳನ್ನು ಒಂದು ಸಾಲಿನಲ್ಲಿ 36,28,800 ಬಗೆಗಳಲ್ಲಿ ಜೋಡಿಸಬಹುದೆಂದು ಗಣಿತ ಬಲ್ಲ ವಿದ್ಯಾರ್ಥಿಗಳು ಸುಲಭವಾಗಿ ಲೆಕ್ಕ ಹಾಕಬಲ್ಲರು. ನಾವು “ಸರಿಯಾದ ಕ್ರಮ” ಎಂದು ಕರೆಯುವುದು ಅವುಗಳಲ್ಲಿ ಒಂದನ್ನು ಮಾತ್ರ. ಕೈಗೆ ಬಂದಂತೆ ಇಟ್ಟ ಪುಸ್ತಕಗಳು ಆ ಒಂದು ಕ್ರಮಕ್ಕೆ ತಾವಾಗಿಯೇ ಬಂದು ನಿಲ್ಲುವ ಸಂಭವ ಎಷ್ಟು ಅಲ್ಪವೆಂಬುದನ್ನು ಹೇಳಬೇಕಾಗಿಲ್ಲ. ಬೀಗದ ಕೈಯ ಸಂಗತಿಯೂ ಹೀಗೆಯೇ. ಅದು ಇರಬೇಕಾದ ಸ್ಥಳ ಒಂದು. ಇರಬಾರದ ಸ್ಥಳಗಳು ಮನೆಯ ತುಂಬ. ಅನಿಲದ ಕಣಗಳು ಏಕೆ ಸಮನಾಗಿ ಚೆದರಿಕೊಳ್ಳುತ್ತವೆ ಎಂಬುದನ್ನು 19ನೆಯ ಶತಮಾನದಲ್ಲಿ ಬೋಲ್ಟ್ಸ್‌ಮನ್ ವಿವರಿಸಿದ್ದು ಇಂಥ ಎಣಿಕೆಯ ಆಧಾರದಿಂದಲೇ. ಮನೆಯೆಂಬುದು ಅನಿಲವಲ್ಲ, ನಿಜ. ಆದರೆ ಎಣಿಕೆ ಕಲಿಸುವ ಪಾಠ ಒಂದೇ. ಕ್ರಮಗೇಡಿಗೆ ಯಾರ ಪ್ರಯತ್ನವೂ ಬೇಡ, ಕ್ರಮಕ್ಕೆ ಮಾತ್ರ ಪ್ರತಿದಿನವೂ ಸ್ವಲ್ಪ ಪ್ರಯತ್ನ ಬೇಕು. ಭಾನುವಾರ ಮೂರು ಗಂಟೆ ಕಾಲ ಮನೆಯನ್ನು ಒಪ್ಪಗೊಳಿಸಿ ಉಳಿದ ಆರು ದಿನ ಸುಮ್ಮನಿದ್ದರೆ ಬುಧವಾರದ ಹೊತ್ತಿಗೆ ಮನೆ ಮೊದಲಿನಂತೆಯೇ ಆಗುವುದು ಇದರಿಂದಲೇ.

ಆ ಸ್ವಲ್ಪ ಪ್ರಯತ್ನವನ್ನು ಎಲ್ಲಿ ಹಾಕಬೇಕು? ಇದಕ್ಕೆ ಉತ್ತರ ದೊರೆತದ್ದು ಮನೆಯ ಒಳಗಲ್ಲ, ಗೋಡೆ ಕಟ್ಟುವ ಸ್ಥಳದಲ್ಲಿ. ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಎಂಬಾತ 1885 ರಲ್ಲಿ ಗಾರೆ ಕೆಲಸ ಕಲಿಯಲು ಸೇರಿದಾಗ ಒಂದು ಸಂಗತಿಯನ್ನು ಗಮನಿಸಿದನು. ಪ್ರತಿಯೊಂದು ಇಟ್ಟಿಗೆಗೂ ಕೆಲಸಗಾರನು ನೆಲದವರೆಗೆ ಬಗ್ಗಿ ಏಳುತ್ತಿದ್ದನು. ಎತ್ತಿದ ಇಟ್ಟಿಗೆಯನ್ನು ಕೈಯಲ್ಲಿ ತಿರುಗಿಸಿ ಅದರ ಒಳ್ಳೆಯ ಮುಖ ಯಾವುದೆಂದು ಹುಡುಕುತ್ತಿದ್ದನು. ಮುಂದೆ ತಾನೇ ಗುತ್ತಿಗೆದಾರನಾದ ಮೇಲೆ ಗಿಲ್‌ಬ್ರೆತ್ ಇಟ್ಟಿಗೆಗಳನ್ನು ಸೊಂಟದ ಎತ್ತರದಲ್ಲಿ ಇಡುವಂತಹ, ಗೋಡೆ ಬೆಳೆದಂತೆ ಏರಿಸಬಹುದಾದ ಅಟ್ಟಣಿಗೆಯನ್ನು ಮಾಡಿಸಿದನು. ಇಟ್ಟಿಗೆಗಳ ಮುಖವನ್ನು ಮೊದಲೇ ಸರಿಮಾಡಿ ಇಡುವಂತೆ ಏರ್ಪಡಿಸಿದನು. ಒಂದು ಇಟ್ಟಿಗೆಗೆ ಬೇಕಾಗುತ್ತಿದ್ದ 18 ಚಲನೆಗಳು ಸುಮಾರು 5ಕ್ಕೆ ಇಳಿದುವು. ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದವನು 350 ಇಡಬಲ್ಲವನಾದನು. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು: ಕೆಲಸಗಾರನಿಗೆ “ಬೇಗ ಮಾಡು” ಎಂದು ಯಾರೂ ಹೇಳಲಿಲ್ಲ. ಬದಲಾದದ್ದು ಇಟ್ಟಿಗೆ ಇದ್ದ ಜಾಗ.

ಅವನ ಪತ್ನಿ ಲಿಲಿಯನ್ ಗಿಲ್‌ಬ್ರೆತ್ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ವಿದುಷಿ. ಹನ್ನೆರಡು ಮಕ್ಕಳ ತಾಯಿ. 1924 ರಲ್ಲಿ ಪತಿ ತೀರಿಕೊಂಡ ಮೇಲೆ ಆಕೆ ಈ ವಿಚಾರವನ್ನು ಅಡುಗೆಮನೆಗೆ ತಂದರು. ಅವರು 1929 ರಲ್ಲಿ ರೂಪಿಸಿದ ಮಾದರಿ ಅಡುಗೆಮನೆಯಲ್ಲಿ ಒಲೆ, ಕೆಲಸದ ಮೇಜು, ಸಾಮಾನಿನ ಕಪಾಟು ಇವೆಲ್ಲವೂ ಕೈಗೆಟುಕುವಂತೆ ಒಂದರ ಪಕ್ಕದಲ್ಲೊಂದು ಇದ್ದುವು.

ಆದರೆ ಈ ತತ್ತ್ವ ನಮ್ಮ ಮನೆಗಳಿಗೆ ಹೊಸದೇನಲ್ಲ. ಒಗ್ಗರಣೆ ಡಬ್ಬಿಯನ್ನೇ ನೋಡಬಹುದು. ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನ ಬೇಳೆ, ಅರಿಸಿನ ಇವೆಲ್ಲ ಅದರಲ್ಲಿ ತಮ್ಮ ತಮ್ಮ ಬಟ್ಟಲುಗಳಲ್ಲಿ ಕುಳಿತಿರುತ್ತವೆ. ಡಬ್ಬಿ ಒಲೆಯ ಪಕ್ಕದಲ್ಲಿಯೇ ಇರುತ್ತದೆ. ಎಣ್ಣೆ ಕಾದ ಮೇಲೆ ಸಾಸಿವೆಯನ್ನು ಹುಡುಕುತ್ತ ಹೋಗಲು ಯಾರಿಗೂ ಸಾಧ್ಯವಿಲ್ಲವೆಂಬ ಅನುಭವವೇ ಈ ಡಬ್ಬಿಯನ್ನು ಸೃಷ್ಟಿಸಿತು. ಬೆಳಗಿನ ಏಳು ಗಂಟೆಯೂ ಕಾದ ಎಣ್ಣೆಯಂತೆಯೇ. ಆಗ ಬೇಕಾಗುವ ಬೀಗದ ಕೈ, ಬಸ್ ಪಾಸು, ಕನ್ನಡಕ, ಲೇಖನಿ ಇವುಗಳಿಗೂ ಬಾಗಿಲ ಪಕ್ಕದಲ್ಲಿ ಒಂದು ಮೊಳೆ, ಒಂದು ಬಟ್ಟಲು ಇದ್ದರೆ ಹುಡುಕಾಟವೆಂಬುದೇ ಇಲ್ಲವಾಗುತ್ತದೆ.

ಹುಡುಕುವುದು ಒಂದು ನಷ್ಟವಾದರೆ, ನಿರ್ಧರಿಸುವುದು ಇನ್ನೊಂದು. ಯಾವ ಅಂಗಿ, ಯಾವ ಪುಸ್ತಕ, ಊಟದ ಡಬ್ಬಿಗೆ ಏನು, ಎಂಬ ಪ್ರಶ್ನೆಗಳನ್ನೆಲ್ಲ ನಾವು ಬೆಳಗಿಗೆ ಉಳಿಸಿಕೊಳ್ಳುತ್ತೇವೆ. ಆದರೆ ನಿದ್ದೆಯಿಂದ ಎದ್ದೊಡನೆ ಮೆದುಳು ಪೂರ್ಣವಾಗಿ ಎಚ್ಚರಗೊಳ್ಳುವುದಿಲ್ಲ. ಕೆಲವು ನಿಮಿಷಗಳಿಂದ ಹಿಡಿದು ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆಯವರೆಗೂ ನೆನಪು ಮತ್ತು ವಿವೇಚನೆ ಮಂದವಾಗಿರುತ್ತವೆ. ಈ ಸ್ಥಿತಿಯನ್ನು ವಿಜ್ಞಾನಿಗಳು ನಿದ್ರಾಜಡತೆ ಎನ್ನುತ್ತಾರೆ. ಮೇಲಾಗಿ, ಒಂದೇ ಕಾಲದಲ್ಲಿ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲ ವಿಷಯಗಳು ನಾಲ್ಕಾರು ಮಾತ್ರ. ಹೀಗಿರುವಲ್ಲಿ, ದಿನದ ಅತಿ ಹೆಚ್ಚು ಪ್ರಶ್ನೆಗಳನ್ನು ಮೆದುಳಿನ ಅತಿ ಮಂದವಾದ ಹೊತ್ತಿಗೆ ಮೀಸಲಿಡುವುದು ಜಾಣತನವಲ್ಲ.

ಮುಂಚಿತವಾಗಿ ಏಳುವುದೇ ಪರಿಹಾರವಲ್ಲವೆ, ಎಂದು ಕೆಲವರು ಕೇಳಬಹುದು. ರಾತ್ರಿ ಅಷ್ಟೇ ಮುಂಚಿತವಾಗಿ ಮಲಗುವುದಾದರೆ ಅಡ್ಡಿಯಿಲ್ಲ. ಆದರೆ 13 ರಿಂದ 18 ವರ್ಷದವರಿಗೆ ದಿನಕ್ಕೆ 8 ರಿಂದ 10 ಗಂಟೆಗಳ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ; ವಯಸ್ಕರಿಗೂ 7 ಗಂಟೆಗೆ ಕಡಿಮೆಯಾಗಬಾರದು. ಹದಿಹರೆಯದಲ್ಲಿ ಶರೀರದ ಒಳಗಡಿಯಾರವೇ ಸ್ವಲ್ಪ ಹಿಂದಕ್ಕೆ ಸರಿಯುವುದರಿಂದ ಆ ವಯಸ್ಸಿನವರಿಗೆ ರಾತ್ರಿ ನಿದ್ದೆ ಬೇಗ ಹತ್ತುವುದೂ ಇಲ್ಲ. ಆದುದರಿಂದ ನಿದ್ದೆಯನ್ನು ಕತ್ತರಿಸಿ ಗಳಿಸಿದ ಅರ್ಧ ಗಂಟೆ ತರಗತಿಯಲ್ಲಿ ತೂಕಡಿಕೆಯಾಗಿ ಮರಳಿಹೋಗುತ್ತದೆ. ಸರಿಸಬೇಕಾದದ್ದು ಏಳುವ ಹೊತ್ತನ್ನಲ್ಲ, ನಿರ್ಧಾರಗಳನ್ನು. ಅವು ಹಿಂದಿನ ರಾತ್ರಿಗೆ ಹೋಗಬೇಕು.

ಆದರೆ ರಾತ್ರಿಯಲ್ಲಿ ಇದನ್ನೆಲ್ಲ ನೆನಪಿಡುವವರು ಯಾರು? ಇಲ್ಲಿಯೇ ರೂಢಿಯ ಮಹಿಮೆ ಇರುವುದು. ರೂಢಿ ಎಂಬುದು ನೆನಪಿನ ಇನ್ನೊಂದು ಹೆಸರಲ್ಲ. ಮೆದುಳಿನಲ್ಲಿ ಅದರ ನೆಲೆಯೇ ಬೇರೆ. ಇದನ್ನು ಸೂಚಿಸಿದ ಒಂದು ಪ್ರಸಿದ್ಧ ಉದಾಹರಣೆಯುಂಟು. 1953 ರಲ್ಲಿ ಹೆನ್ರಿ ಮೊಲೇಸನ್ ಎಂಬಾತನ ಮೂರ್ಛೆರೋಗದ ಚಿಕಿತ್ಸೆಗಾಗಿ ಅವನ ಮೆದುಳಿನ ಎರಡು ಪಾರ್ಶ್ವಗಳಿಂದಲೂ ಸ್ವಲ್ಪ ಭಾಗವನ್ನು ತೆಗೆದುಹಾಕಲಾಯಿತು. ಅಂದಿನಿಂದ ಹೊಸ ಸಂಗತಿಯಾವುದೂ ಅವನ ನೆನಪಿನಲ್ಲಿ ನಿಲ್ಲದಂತಾಯಿತು. ಆದರೆ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರವನ್ನು ತಿದ್ದುವ ಕೆಲಸ ಕೊಟ್ಟಾಗ, ದಿನದಿಂದ ದಿನಕ್ಕೆ ಅವನ ಕೈ ಪಳಗುತ್ತ ಬಂದಿತು. ಹಿಂದಿನ ದಿನ ಅದನ್ನು ಮಾಡಿದ್ದುದೇ ಅವನಿಗೆ ತಿಳಿದಿರಲಿಲ್ಲ. ಕೈಗೆ ಮಾತ್ರ ತಿಳಿದಿತ್ತು! ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯ ಎಂಬ ನರಸಮೂಹ ರೂಢಿಯ ಕೆಲಸಗಳಲ್ಲಿ ಮುಖ್ಯ ಪಾತ್ರ ವಹಿಸುತ್ತದೆಂದು ಅನಂತರದ ಸಂಶೋಧನೆಗಳಿಂದ ತಿಳಿದುಬಂದಿದೆ. ಬಾಗಿಲಿಗೆ ಬೀಗ ಹಾಕಿ ಹೊರಟವರು ಬೀದಿಯ ತಿರುವಿನಲ್ಲಿ ನಿಂತು “ಬೀಗ ಹಾಕಿದೆನೋ ಇಲ್ಲವೋ” ಎಂದು ಚಿಂತಿಸುವುದಕ್ಕೂ ಇದೇ ಕಾರಣ. ಕೈ ತನ್ನ ಕೆಲಸ ಮಾಡಿರುತ್ತದೆ. ಮನಸ್ಸು ಆಗ ಬೇರೆ ಕಡೆ ಇರುತ್ತದೆ.

ರೂಢಿ ಬೆಳೆಯುವುದಕ್ಕೆ ಎಷ್ಟು ದಿನ ಬೇಕು? ಇಪ್ಪತ್ತೊಂದು ದಿನ ಸಾಕೆಂಬ ಮಾತು ಪ್ರಚಾರದಲ್ಲಿದೆ, ಅದಕ್ಕೆ ಆಧಾರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಪರೀಕ್ಷಿಸಿ 2010 ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹೊಸ ಕೆಲಸವೊಂದು ತಾನೇ ತಾನಾಗಿ ನಡೆಯುವಂತಾಗಲು ಬೇಕಾದ ಅವಧಿ ವ್ಯಕ್ತಿಗೂ ಕೆಲಸಕ್ಕೂ ತಕ್ಕಂತೆ 18 ದಿನಗಳಿಂದ 254 ದಿನಗಳವರೆಗೆ ಇರಬಹುದೆಂದು ಅಂದಾಜಾಯಿತು. ನಡುವಿನ ಅಂಕೆ 66. ಒಂದು ದಿನ ತಪ್ಪಿದರೆ ಎಲ್ಲವೂ ಕೆಡುವುದಿಲ್ಲವೆಂಬುದೂ ಆ ಪ್ರಯೋಗದಿಂದಲೇ ತಿಳಿಯಿತು. ಆ ಜನರು ಹೊಸ ಕೆಲಸವನ್ನು ದಿನವೂ ತಪ್ಪದೆ ನಡೆಯುವ ಹಳೆಯ ಕೆಲಸವೊಂದಕ್ಕೆ ಗಂಟು ಹಾಕಿಕೊಂಡಿದ್ದರು. ನಾವು ಅನುಸರಿಸಬೇಕಾದ ಉಪಾಯ ಇದೇ. “ಇನ್ನು ಮೇಲೆ ಶಿಸ್ತಾಗಿರುತ್ತೇನೆ” ಎಂಬ ಸಂಕಲ್ಪಕ್ಕೆ ಹಿಡಿಕೆಯಿಲ್ಲ. “ರಾತ್ರಿ ಊಟದ ತಟ್ಟೆ ತೊಳೆದೊಡನೆ ನಾಳಿನ ವೇಳಾಪಟ್ಟಿ ನೋಡಿ ಚೀಲ ತುಂಬಿ ಬಾಗಿಲ ಬಳಿ ಇಡುತ್ತೇನೆ” ಎಂಬುದಕ್ಕೆ ಹಿಡಿಕೆಯುಂಟು: ತಟ್ಟೆ ತೊಳೆಯುವುದೇ ಅದರ ಕರೆಗಂಟೆ.

ಮೂರನೆಯ ನಷ್ಟ ಕಾಯುವುದು. ನಾಲ್ವರಿರುವ ಮನೆಯಲ್ಲಿ ಬಚ್ಚಲುಮನೆ ಒಂದೇ ಇದ್ದು, ಒಬ್ಬೊಬ್ಬರಿಗೆ 12 ನಿಮಿಷ ಬೇಕಾದರೆ ಒಟ್ಟು 48 ನಿಮಿಷ ಆಗಿಯೇ ತೀರುತ್ತದೆ. ಉಳಿದ ಕೆಲಸಗಳನ್ನು ಎಷ್ಟೇ ಚುರುಕಾಗಿ ಮಾಡಿದರೂ ಈ ಅವಧಿ ಕುಗ್ಗುವುದಿಲ್ಲ. ಆದುದರಿಂದ ಮೊದಲು ಸರಿಯಾಗಬೇಕಾದದ್ದು ಈ ಸರದಿ. ಮೊದಲು ಹೊರಡುವವರು ಮೊದಲು ಸ್ನಾನ ಮಾಡುವುದು, ಸಾಧ್ಯವಿದ್ದವರು ಸಂಜೆ ಮಾಡುವುದು, ಸರದಿ ಬರುವವರೆಗೆ ಹಾಸಿಗೆ ಮಡಿಸಿ ಹಲ್ಲುಜ್ಜಿ ನೀರಿನ ಸೀಸೆ ತುಂಬಿಕೊಳ್ಳುವುದು, ಇಷ್ಟನ್ನು ಒಮ್ಮೆ ಕುಳಿತು ಗೊತ್ತುಮಾಡಿಕೊಂಡರೆ ಬಾಗಿಲು ತಟ್ಟುವ ಗಲಾಟೆ ನಿಲ್ಲುತ್ತದೆ.

ಇಷ್ಟಾದರೂ ಒಂದು ಮಾತು ಉಳಿದಿದೆ. ನಮ್ಮ ಮಟ್ಟಿಗೆ ಮುಖ್ಯವಾದುದು ಅದೇ. ಅಚ್ಚುಕಟ್ಟಿಲ್ಲದ ಮನೆಯೂ ಹೇಗೋ ನಡೆಯುತ್ತದೆಯಲ್ಲ, ಅದು ಯಾರ ಬಲದಿಂದ? ಸಾಮಾನ್ಯವಾಗಿ ಒಬ್ಬ ವ್ಯಕ್ತಿಯ ನೆನಪಿನ ಬಲದಿಂದ. ಎಲ್ಲರ ವಸ್ತುಗಳ ಸ್ಥಾನವನ್ನೂ ಎಲ್ಲರ ಸಮಯವನ್ನೂ ತಾಯಿಯೊಬ್ಬಳೇ ತಲೆಯಲ್ಲಿ ಹೊತ್ತಿರುತ್ತಾಳೆ. ಭಾರತ ಸರ್ಕಾರ 2019 ರಲ್ಲಿ ನಡೆಸಿದ ಕಾಲವಿನಿಯೋಗ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸುತ್ತಿದ್ದರು. ತೊಡಗಿದ ಗಂಡಸರು 97 ನಿಮಿಷಗಳನ್ನು. ಗಂಡಸರಲ್ಲಿ ಹಾಗೆ ತೊಡಗಿದವರೇ ನೂರಕ್ಕೆ ಸುಮಾರು 26 ಮಂದಿ, ಹೆಂಗಸರಲ್ಲಿ 81. ಒಲೆಯ ಮುಂದೆ ನಿಂತೇ ಮತ್ತೊಬ್ಬರ ಕಂಪಾಸು ಪೆಟ್ಟಿಗೆಯನ್ನು ನೆನಪಿಡುವ ಶ್ರಮವನ್ನು ಯಾವ ಗಡಿಯಾರವೂ ಅಳೆಯಲಾರದು. ಆದುದರಿಂದ ವಿದ್ಯಾರ್ಥಿಯೊಬ್ಬನು ತನ್ನ ಚೀಲವನ್ನು ತಾನೇ ತುಂಬಿ ತನ್ನ ಸ್ಥಳದಲ್ಲಿಟ್ಟರೆ, ತನಗೆ ಹತ್ತು ನಿಮಿಷ ಉಳಿಸಿಕೊಂಡಂತೆ ಮಾತ್ರವಲ್ಲ, ಇನ್ನೊಬ್ಬರ ತಲೆಯ ಮೇಲಿನ ಹೊರೆಯನ್ನು ಇಳಿಸಿದಂತೆಯೂ ಆಗುತ್ತದೆ.

ನಮ್ಮ ಅಡುಗೆಮನೆಯಲ್ಲಿ ಇದಕ್ಕೊಂದು ಹಳೆಯ ಮಾದರಿಯಿದೆ. ಇಡ್ಲಿಗೆಂದು ಅಕ್ಕಿಯನ್ನೂ ಉದ್ದನ್ನೂ ಹಗಲು ನೆನೆಹಾಕಿ ಸಂಜೆ ರುಬ್ಬಿಡುತ್ತಾರೆ. ಮನೆಯವರೆಲ್ಲ ಮಲಗಿರುವಾಗ ಲ್ಯೂಕೊನಾಸ್ಟಾಕ್ ಮುಂತಾದ ಬ್ಯಾಕ್ಟೀರಿಯಗಳು ಹಿಟ್ಟಿನಲ್ಲಿ ಆಮ್ಲವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಉಂಟುಮಾಡುತ್ತವೆ. ಬೆಳಗಾಗುವ ಹೊತ್ತಿಗೆ ಹಿಟ್ಟು ಉಬ್ಬಿರುತ್ತದೆ. ಬೆಳಗ್ಗೆ ಎದ್ದು ಎಷ್ಟು ಆತುರಪಟ್ಟರೂ ಆ ಕೆಲಸವನ್ನು ಹತ್ತು ನಿಮಿಷದಲ್ಲಿ ಮಾಡಲಾಗುವುದಿಲ್ಲ. ಇಡ್ಲಿಯ ವಿಷಯದಲ್ಲಿ ನಮ್ಮ ಹಿರಿಯರು ಎಂದೋ ಕಂಡುಕೊಂಡ ಈ ವಿವೇಕವನ್ನು ಚೀಲಕ್ಕೂ ಬೀಗದ ಕೈಗೂ ನಾವು ಅನ್ವಯಿಸಬೇಕಾಗಿದೆ. ಎಲ್ಲವನ್ನೂ ಒಂದೇ ದಿನ ತೊಡಗಬೇಕಾಗಿಲ್ಲ. ಈ ರಾತ್ರಿ ತಟ್ಟೆ ತೊಳೆದ ಮೇಲೆ ಚೀಲವನ್ನು ತುಂಬಿ ಬಾಗಿಲ ಬಳಿ ಇಟ್ಟು ನೋಡಬಹುದು. ಅದು ಕೈಗೆ ರೂಢಿಯಾದ ಮೇಲೆ ಎರಡನೆಯದನ್ನು ಆರಿಸಿಕೊಳ್ಳೋಣ.